ಕೊನೆಯ ಕಾಸಿನ ಮೇಲೆ ಹೆಬ್ಬೆಟ್ಟು

ಹೊನ್ನಾವರ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ರಾಜೀವ ಶುದ್ಧ ಪುಕ್ಕಲ. ಪಕ್ಕದ ದರ್ಜಿ ಅಂಗಡಿ ನನ್ನದು. ಇಪ್ಪತ್ತೆರಡು ವರ್ಷ ಅವನನ್ನು ನೋಡಿದ್ದೇನೆ, ಬಯ್ಯುವ ಹಕ್ಕು ನನಗಿದೆ. ಅರವತ್ತು ದಾಟಿತು, ಮದುವೆಯಿಲ್ಲ. ಮೊಬೈಲು ಬಂದ ಮೇಲೆ ಗಿರಾಕಿಯೂ ಇಲ್ಲ. ಇಡೀ ದಿನ ಗೋಡೆ ನೋಡುತ್ತ ಕೂರುತ್ತಾನೆ.

ಹೋದ ವರ್ಷ ಮಾವಿನಕುರ್ವೆಯಿಂದ ಮೀನು ಮಾರಲು ಬರುವ ಮಾಸ್ತಮ್ಮ ಅವನ ಅಂಗಡಿ ಹೊಕ್ಕಳು. ತೀರಿಹೋದ ಗಂಡ ಕೂಡಿಟ್ಟ ಹಳೆಯ ತಾಮ್ರದ ಕಾಸುಗಳು ಅವಳ ಡಬ್ಬಿಯಲ್ಲಿದ್ದವು. ತಂಬಿಗೆ ತಿಕ್ಕುವ ಹಾಗೆ ಒಂದನ್ನು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಳು. ಅದು ಹೊಸ ತಂತಿಯಂತೆ ಕೆಂಪಗಾಗಿ, ಅಕ್ಷರ ಮಸುಕಾಗಿತ್ತು. ಉಳಿದವನ್ನಾದರೂ ಸರಿಯಾಗಿ ತೊಳೆದುಕೊಡಿ ಎಂದು ತಂದಿದ್ದಳು.

"ಹುಳಿ ತಾಗ್ಸಬೇಡಿ ಮಾಸ್ತಕ್ಕ, ತಾಮ್ರ ತಿಂತದೆ. ಅಂಚು ಹಿಡೀರಿ. ಬೆರಳಿನ ಬೆವರು ತಾಗಿದ್ರೂ ಕಲೆ ಏಳ್ತದೆ" ಎಂದ ರಾಜೀವ.

ಕಾಸನ್ನು ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿಟ್ಟು, ಬ್ಯಾಟರಿಗೆ ಹಾಕುವ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಉಜ್ಜದೆ ಒತ್ತಿ ಒಣಗಿಸಬೇಕು. ಅರ್ಧ ಗಂಟೆಯ ಕೆಲಸ. ಇವನು ಮಾತ್ರ "ವಾರಕ್ಕೆ ಒಂದೇ ಆಗುದು" ಎಂದುಬಿಟ್ಟ. ಹಾಗಾಗಿ ವಾರಕ್ಕೊಮ್ಮೆ, ಮೀನು ಖಾಲಿಯಾದ ಮೇಲೆ, ಅವಳು ಬರತೊಡಗಿದಳು. ಬುಟ್ಟಿ ಹೊರಗಿಟ್ಟು, ಕೈ ತೊಳೆದು, ಸ್ಟೂಲಿನ ಮೇಲೆ ಕೂತು ಗಂಡನ ಸುದ್ದಿ, ಬಲೆಯ ಸುದ್ದಿ, ಸೊಸೆಯ ಸುದ್ದಿ ಹೇಳುತ್ತಿದ್ದಳು. ರಾಜೀವ ನಗುವುದನ್ನು ನಾನು ಮೊದಲು ಕೇಳಿದ್ದು ಆಗಲೇ.

ಹತ್ತೊಂಬತ್ತು ವಾರಕ್ಕೆ ಡಬ್ಬಿ ಮುಗಿಯಿತು. ಕೊನೆಯ ಕಾಸು ಕೊಡುವ ದಿನ, ಅವಳು ಬರುವ ಮೊದಲು, ಈ ಮನುಷ್ಯ ಅದರ ಮೇಲೆ ಹೆಬ್ಬೆಟ್ಟು ಒತ್ತಿದ. ನಾಲ್ಕಾರು ದಿನದಲ್ಲಿ ಕಲೆ ಕಂಡು ಓಡಿ ಬರುತ್ತಾಳೆ, ಅಷ್ಟರೊಳಗಾದರೆ ತೆಗೆಯಬಹುದು ಎಂದುಕೊಂಡಿದ್ದ. ಸುಮ್ಮನೆ ಬಂದು ಹೋಗಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಅವಳು ಬಂದದ್ದು ಎರಡು ತಿಂಗಳ ಮೇಲೆ. ಬೆರಳಿನ ಗೆರೆಗಳು ತಾಮ್ರದಲ್ಲಿ ಕಪ್ಪಗೆ ಇಳಿದಿದ್ದವು. ಇನ್ನದು ಅಸಿಟೋನಿಗೆ ಜಗ್ಗುವ ಕಲೆಯಲ್ಲ.

"ಮುಟ್ಟಲೇ ಇಲ್ಲ ಅಂದ್ಕಂಡಿದ್ದೆ ರಾಜೀವಣ್ಣ. ಎಲ್ಲೋ ಮುಟ್ಟಿದ್ದೆ ಕಾಣ್ತದೆ. ಮೀನಿನ ಕೈ ನಂದು" ಎಂದಳು ಮಾಸ್ತಮ್ಮ. ಇಡೀ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಅವ್ರು ಇಷ್ಟು ವರ್ಷ ಜೋಪಾನ ಮಾಡಿದ್ದು. ನನ್ನ ಹತ್ರ ಇದ್ರೆ ಎಲ್ಲಾ ಹಾಳಾಗ್ತದೆ. ನಿಮ್ಮಲ್ಲೇ ಇರ್ಲಿ."

ಅದು ನನ್ನ ಬೆರಳು ಎಂದು ಅವನು ಹೇಳಿದ್ದರೆ ಸಾಕಿತ್ತು. ರಾಜೀವ ತಲೆ ತಗ್ಗಿಸಿ ಕೂತ. ಅವಳು ಕಣ್ಣೊರೆಸಿಕೊಂಡು ಬುಟ್ಟಿ ಎತ್ತಿದಳು. ಆಮೇಲೆ ಈ ಕಡೆ ಬರಲಿಲ್ಲ.

ಮೊನ್ನೆ ನನ್ನ ಹತ್ತಿರ ಇದೆಲ್ಲ ಬಾಯಿಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು.

"ಮಾವಿನಕುರ್ವೆ ಎಂತ ಮುಂಬೈಯಾ? ಈಗ್ಲೇ ಹೋಗಿ ಹೇಳಿ ಬಾ ಮಾರಾಯ."

"ಹೇಳಿದ್ರೆ ಅವ್ರು ಮತ್ತೆ ಯಾವತ್ತೂ ಬರುದಿಲ್ಲ" ಎಂದ.

"ಈಗ ಬರ್ತಾರನಾ?" ಎಂದು ಕೇಳಿದೆ.