ಮನೆ ಇದ್ದ ಜಾಗ

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಆಗ ಊಟಿಯಲ್ಲಿ ಸರ್ವೇಯರ್ ಆಗಿದ್ದೆ. ಸರಪಳಿ ಎಳೆದು ನೆಲ ಅಳೆಯುವ ಕಾಲ ಮುಗಿದು ಕೈಗೆ ಟ್ಯಾಬ್ ಬಂದಿತ್ತು. ಅದರೊಳಗಿನ ಜಿಪಿಎಸ್ ನಾವು ನಿಂತ ಜಾಗವನ್ನು ನಕ್ಷೆಯ ಮೇಲೆ ನೀಲಿ ಚುಕ್ಕೆಯಾಗಿ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ ಚುಕ್ಕೆ ಕೆಲವು ಮೀಟರ್ ಆಚೀಚೆ ಸರಿಯುವುದುಂಟು. ಜಮೀನಿನ ಗಡಿ, ಸರ್ವೇ ನಂಬರ್, ಮನೆ, ಕೊಟ್ಟಿಗೆ ಎಲ್ಲದರ ಗುರುತೂ ಆ ನಕ್ಷೆಯಲ್ಲಿರುತ್ತಿತ್ತು.

ಆ ವರ್ಷ ಮಳೆ ಬಿಡದೆ ಸುರಿಯಿತು. ಒಂದು ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು: ಲವ್‌ಡೇಲ್‌ನಿಂದಾಚೆ ಗುಡ್ಡ ಕುಸಿದಿದೆ, ಒಂದು ಮನೆ ಮುಚ್ಚಿಹೋಗಿದೆ, ಎಲ್ಲಿ ಅಗೆಯಬೇಕೆಂದು ತೋರಿಸಲು ಹೋಗಿ.

ಮನೆ ಮಾದಪ್ಪನವರದು. ಅವರ ತಂದೆ ಮೈಸೂರು ಕಡೆಯಿಂದ ಬಂದು ಇಲ್ಲಿ ಕ್ಯಾರೆಟ್ ಬೆಳೆಯತೊಡಗಿದವರು. ಅಂದು ಗುಡ್ಡ ಕುಸಿದಾಗ ಮಾದಪ್ಪ ಕ್ಯಾರೆಟ್ ಲೋಡಿನ ಜೊತೆ ಮಂಡಿಗೆ ಹೋಗಿದ್ದರು. ಹೆಂಡತಿ ಗೌರಮ್ಮ ಒಬ್ಬರೇ ಮನೆಯಲ್ಲಿದ್ದರು.

ನಾನು ತಲುಪಿದಾಗ ದಾರಿಯೂ ಇರಲಿಲ್ಲ, ಮೆಟ್ಟಿಲು ಹೊಲಗಳೂ ಇರಲಿಲ್ಲ. ಕೆಂಪು ಕೆಸರು ಮಾತ್ರ. ಸುದ್ದಿ ಕೇಳಿ ವಾಪಸ್ ಬಂದಿದ್ದ ಮಾದಪ್ಪ ಮಡಚಿದ ಕೊಡೆ ಹಿಡಿದು ಮಳೆಯಲ್ಲೇ ನಿಂತಿದ್ದರು.

"ಮೇಡಂ, ನಮ್ಮನೆ ಎಲ್ಲಿ ಬತ್ತದೆ?"

ಟ್ಯಾಬ್ ನೋಡುತ್ತಾ ಕೆಸರಿನಲ್ಲಿ ನಡೆದೆ. ನೀಲಿ ಚುಕ್ಕೆ ಮನೆಯ ಗುರುತಿನ ಮೇಲೆ ಬಂದು ನಿಂತಿತು. "ಇಲ್ಲೇ," ಅಂದೆ. ಜೆಸಿಬಿ ಅಗೆಯಿತು. ಗಟ್ಟಿ ಮಣ್ಣು ಬಂತು. ಒಂದು ಇಟ್ಟಿಗೆಯಾಗಲಿ, ಪಾತ್ರೆಯಾಗಲಿ ಬರಲಿಲ್ಲ.

"ಇಲ್ಲಿ ಒಂದೂ ಇಲ್ಲೆ, ಮೇಡಂ," ಎಂದ ಜೆಸಿಬಿಯ ತಮಿಳು ಆಪರೇಟರ್.

ನಕ್ಷೆ ತಪ್ಪಿರಲಿಲ್ಲ. ಮನೆ ಇದ್ದದ್ದು ಅಲ್ಲೇ. ಗುಡ್ಡ ಅದನ್ನು ಕೆಳಕ್ಕೆ ಒಯ್ದಿತ್ತು. ಆದರೆ ಎಲ್ಲಿಗೆ?

ಕೆಳಗೆ ಪಕ್ಕದವರ ಚಹಾ ತೋಟದಲ್ಲಿ ಸಿಮೆಂಟ್ ತೊಟ್ಟಿಯೊಂದರ ಮೂಲೆ ಕಾಣಿಸುತ್ತಿತ್ತು. ಮಾದಪ್ಪ ಅದನ್ನು ನೋಡಿ, "ನಮ್ ಕೊಟ್ಟಿಗೇದು," ಎಂದರು. ಕೊಟ್ಟಿಗೆಯ ಹಳೆಯ ಗುರುತು ಟ್ಯಾಬ್‌ನಲ್ಲಿತ್ತು. ತೊಟ್ಟಿಯ ಪಕ್ಕ ಹೋಗಿ ನಿಂತು, ಆ ಗುರುತಿನಿಂದ ನೀಲಿ ಚುಕ್ಕೆಯವರೆಗೆ ನಕ್ಷೆಯ ಮೇಲೆ ಗೆರೆ ಎಳೆದೆ. ಮನೆಯ ಗುರುತಿನಿಂದ ಅದೇ ದಿಕ್ಕಿಗೆ, ಅಷ್ಟೇ ಉದ್ದಕ್ಕೆ ಇನ್ನೊಂದು ಗೆರೆ ಎಳೆದು, ಅದು ಮುಗಿದಲ್ಲಿಗೆ, ಅದೇ ಚಹಾ ತೋಟದೊಳಕ್ಕೆ, ಹೋಗಿ ನಿಂತೆ. ಮನೆಯೂ ತೊಟ್ಟಿಯಂತೆಯೇ ಜಾರಿರಬೇಕೆಂಬ ನಿಯಮವೇನೂ ಇಲ್ಲ.

"ನಿಶ್ಚಯವಾ ಮೇಡಂ?" ಆಪರೇಟರ್ ಕೇಳಿದ.

"ಇಲ್ಲಿ ಅಗೀರಿ," ಅಂದೆ.

ಮೊದಲು ಚಾವಣಿಯ ಶೀಟು ಸಿಕ್ಕಿತು. ಯಂತ್ರ ನಿಲ್ಲಿಸಿ ಗುದ್ದಲಿಯಲ್ಲಿ, ಆಮೇಲೆ ಕೈಯಲ್ಲಿ ತೆಗೆದರು. ಗೋಡೆಯ ಕೆಳಗೆ ಗೌರಮ್ಮ ಇದ್ದರು. ಉಸಿರು ನಿಂತು ಬಹಳ ಹೊತ್ತಾಗಿತ್ತು. ನನಗೆ ಏನೂ ಅನ್ನಿಸಲಿಲ್ಲ. ಸೆರಗಿನಿಂದ ಟ್ಯಾಬ್‌ನ ಪರದೆಯ ಕೆಸರು ಒರೆಸಿದೆ. ಬ್ಯಾಟರಿ ಅರ್ಧ ಉಳಿದಿರುವುದನ್ನು ಗಮನಿಸಿದೆ.

ಮಾದಪ್ಪ ಹತ್ತಿರ ಬಂದರು. "ಇದು ಯಾರ್ ಜಮೀನು ಮೇಡಂ?"

ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ನೋಡಿ ಹೇಳಿದೆ. "ಲಿಂಗನ್ ಅವರದು."

"ಸರ್ವೇ ನಂಬ್ರು?"

ಅದನ್ನೂ ಹೇಳಿದೆ. ಅವರು ತಲೆಯಾಡಿಸಿ, ತೋಟದ ಅಂಚಿನಲ್ಲಿ ನಿಂತಿದ್ದ ಲಿಂಗನ್ ಬಳಿಗೆ ಹೋದರು.

"ಲಿಂಗಣ್ಣ, ನಿನ್ ಕೇಳ್ದೆ ತೋಟ ಅಗೆದ್ಬುಟ್ಟೊ. ಗಿಡ ಎಲ್ಲಾ ಹಾಳಾದೊ."

"ಬಿಡು ಅಣ್ಣಾ," ಎಂದ ಲಿಂಗನ್, ಅವರ ಕೈಯಿಂದ ಕೊಡೆ ತೆಗೆದು ಬಿಚ್ಚಿ ಅವರ ತಲೆಯ ಮೇಲೆ ಹಿಡಿದ.

ಆಮೇಲೂ ಅಂಥ ಕೆಲವು ಜಾಗಗಳಿಗೆ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸಬರಿಗೆ ಇಷ್ಟನ್ನೇ ಹೇಳುತ್ತಿದ್ದೆ: ಎಲ್ಲ ಕಳೆದುಕೊಂಡವರು ಸರ್ವೇ ನಂಬರ್ ಕೇಳಿದರೆ ಸಮಾಧಾನದ ಮಾತು ಹುಡುಕಬೇಡಿ. ಸರ್ವೇ ನಂಬರ್ ಹೇಳಿ.