ಶಾಫ್ಟಿಗೆ ತೊಡಿಸಿದ ಬಳೆಗಳು

ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ಚನ್ನಪಟ್ಟಣದ ಹಳೇ ರಸ್ತೆಯಲ್ಲಿರುವ ನನ್ನ ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ದಣಿವು ಮಾತ್ರ ಕಡಿಮೆಯಾಗಲಿಲ್ಲ. ಕೆಲಸ ತುಂಬಿದ್ದ ಕಾಲದಲ್ಲಿ ಸಂಜೆಗೆ ಬರುತ್ತಿದ್ದ ಸುಸ್ತು ಈಗ ಬಾಗಿಲು ತೆಗೆಯುವ ಮೊದಲೇ ಬಂದು ಕಾಯುತ್ತಿತ್ತು. ವರ್ಷಾನುಗಟ್ಟಲೆ ಗಾಡಿಗಳ ಕೆಳಗೆ ಅಂಗಾತ ಮಲಗಿ ಕತ್ತು ಒಂದು ಕಡೆಗೆ ಹಿಡಿದುಬಿಟ್ಟಿತ್ತು. ನನ್ನ ಹೆಂಡತಿ ಬೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಾಕುವ ಕೆಲಸ ಮುಗಿಸಿ ಬರುವಾಗ ಶೆಡ್ಡಿಗೆ ಬಂದು ಕೂರುತ್ತಿದ್ದಳು. ಇಬ್ಬರೂ ಮಾತಾಡದೆ ಚಹಾ ಕುಡಿಯುತ್ತಿದ್ದೆವು.

ಅಂಥ ದಿನಗಳಲ್ಲಿ ನಮ್ಮ ಬೀದಿಯ ಭಾಯ್ ತಮ್ಮ ಕಾರು ತಂದರು. ಅವರದು ರೇಷ್ಮೆ ನೂಲು ತೆಗೆಯುವ ಮನೆತನ. ಬೆಳಗ್ಗೆಯಿಂದ ಸಂಜೆಯವರೆಗೆ ಬಿಸಿನೀರಿನ ಹಬೆಯಲ್ಲಿ, ಗೂಡು ಬೇಯುವ ವಾಸನೆಯಲ್ಲಿ ಇರುವವರು. ಅವರಿಗಿದ್ದ ಒಂದೇ ಹುಚ್ಚು ಆ ಕಾರು. ತಂದೆ ಬಿಟ್ಟುಹೋದ ಹಳೇ ಗಾಡಿಗೆ ದೊಡ್ಡ ಇಂಜಿನ್ ಕೂರಿಸಿ, ಟರ್ಬೊ ಹಾಕಿಸಿ, ಅಗಲದ ಟಯರು ತೊಡಿಸಿದ್ದರು. ವಿಮಾನ ಇಳಿಯದ ಹಳೇ ರನ್‌ವೇ ಒಂದರಲ್ಲಿ ನೇರ ಓಟದ ಪಂದ್ಯವಿದೆಯೆಂದು ಹೋಗಿದ್ದರಂತೆ. ಅಲ್ಲಿ ತಪಾಸಣೆಯವರು ಗಾಡಿಯ ಕೆಳಗೆ ಬಗ್ಗಿ ನೋಡಿ, ಶಾಫ್ಟಿಗೆ ರಕ್ಷಣೆಯ ಬಳೆ ಇಲ್ಲ ಎಂದು ವಾಪಸು ಕಳಿಸಿದ್ದರು.

ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಈ ಶಾಫ್ಟು. ಓಡುವಾಗ ಅದರ ಮುಂದಿನ ಜಾಯಿಂಟು ಮುರಿದರೆ ಆ ತುದಿ ಕೆಳಗೆ ಬಿದ್ದು ರಸ್ತೆಗೆ ನಾಟಿಕೊಳ್ಳಬಹುದು, ಗಾಡಿಯನ್ನೇ ಎತ್ತಿ ಒಗೆಯಬಹುದು. ಇಲ್ಲವೆಂದರೆ ತಿರುಗುತ್ತಲೇ ಕಾರಿನ ತಳದ ತಗಡನ್ನು ಸೀಳಿ ಕೂತವರ ಮೇಲೆ ಬರಬಹುದು. ಅದನ್ನು ಹಿಡಿದು ನಿಲ್ಲಿಸಲು ಶಾಫ್ಟಿನ ಸುತ್ತ ದಪ್ಪ ಕಬ್ಬಿಣದ ಪಟ್ಟಿಯ ಬಳೆ ಹಾಕುತ್ತಾರೆ. ಮುಂದಿನ ಜಾಯಿಂಟಿನ ಹತ್ತಿರ ಒಂದು, ಹಿಂದೆ ಇನ್ನೊಂದು.

ಭಾಯ್ ತಪಾಸಣೆಯವರ ಮೇಲೆ ಬೇಸರದಲ್ಲಿದ್ದರು. ತೋರಿಸುವುದಕ್ಕೆ ಏನಾದರೂ ಇದ್ದರೆ ಸಾಕು, ತೆಳು ಪಟ್ಟಿಯೊಂದನ್ನು ಬೆಸುಗೆ ಹಾಕಿ ಕೊಡಿ ಎಂದರು. ತಗಡಿಗೆ ಬೆಸುಗೆ ಹಾಕಿದ ಪಟ್ಟಿ ಮೊದಲ ಏಟಿಗೇ ಕಿತ್ತು ಬರುತ್ತದೆ, ಅಂಥದ್ದು ಹಾಕುವುದಿದ್ದರೆ ಬೇರೆ ಕಡೆ ಹೋಗಿ ಎಂದೆ. ಅವರು ಬೇರೆ ಕಡೆ ಹೋಗಲಿಲ್ಲ, ಕೀಲಿ ಕೊಟ್ಟು ಹೋದರು.

ಸೀಟು ಬಿಚ್ಚಿದೆ, ನೆಲಹಾಸು ಎತ್ತಿದೆ, ಸೈಲೆನ್ಸರ್ ಪೈಪು ಇಳಿಸಿದೆ. ಪಟ್ಟಿ ಕಾಯಿಸಿ, ಪೈಪಿನ ತುಂಡಿನ ಮೇಲೆ ಬಡಿದು, ಅರ್ಧರ್ಧ ಬಳೆ ಬಗ್ಗಿಸಿದೆ. ತಳದ ತಗಡಿಗೆ ತೂತು ಕೊರೆದು ಮೇಲೆ ದಪ್ಪ ತಟ್ಟೆ ಕೊಟ್ಟು ಬೋಲ್ಟಿನಲ್ಲಿ ಬಿಗಿಯಬೇಕು. ಅದು ಒಬ್ಬರ ಕೆಲಸವಲ್ಲ. ಕೆಳಗಿನಿಂದ ನಾನು ನಟ್ಟು ತಿರುಗಿಸುವಾಗ ಮೇಲೆ ಯಾರಾದರೂ ಬೋಲ್ಟಿನ ತಲೆ ಹಿಡಿಯಬೇಕು. ಸಂಜೆ ಹೆಂಡತಿ ಬಂದಾಗ ಸ್ಪ್ಯಾನರ್ ಕೊಟ್ಟು ಕಾರಿನೊಳಗೆ ಕೂರಿಸಿದೆ. ಬೆರಳಲ್ಲಿ ಇನ್ನೂ ಅರಗಿನ ಬಣ್ಣವಿತ್ತು. ಅವಳಿಗೂ ಸೊಂಟ ನೋವು. ತಗಡಿನ ಈಚೆ ನಾನು ನರಳುತ್ತಿದ್ದೆ, ಆಚೆ ಅವಳು.

ಎಲ್ಲ ಬಿಗಿದ ಮೇಲೆ ಕಾರನ್ನು ಜಾಕಿನಿಂದ ಎತ್ತಿ ಹಿಂದಿನ ಚಕ್ರಗಳನ್ನು ಜೋತು ಬಿಟ್ಟು ಕೈಯಲ್ಲಿ ತಿರುಗಿಸಿದೆ. ಹಿಂದಿನ ಬಳೆ ಸರಿಯಿತ್ತು. ಮುಂದಿನದಕ್ಕೆ ಶಾಫ್ಟು ಒಂದು ಕಡೆ ಸವರುತ್ತಿತ್ತು. ಬಳೆ ಚಿಕ್ಕದಾಗಿತ್ತು. ನಾನು ಹಾಗೇ ಕಣ್ಣು ಮುಚ್ಚಿಕೊಂಡು ಮಲಗಿದೆ. ಬಿಚ್ಚಿ, ಮತ್ತೆ ಕಾಯಿಸಿ, ಮತ್ತೆ ಬಗ್ಗಿಸುವುದನ್ನು ನೆನೆದರೇ ತೋಳು ಸೋತುಹೋಯಿತು. ಸವರುವ ಜಾಗವನ್ನು ಗ್ರೈಂಡರಿನಲ್ಲಿ ಉಜ್ಜಿಬಿಟ್ಟರೆ ಆಯಿತು ಎಂದೆ.

ಮೇಲಿನಿಂದ ಅವಳು ಕೇಳಿದಳು: "ಉಜ್ಜುದ್ರೆ ಪಟ್ಟಿ ಸವೆಯಕ್ಕಿಲ್ವಾ?"

"ಒಸಿ ಸವೀತದೆ."

"ಆ ಬಳೆ ನನ್ ಕಾಲತ್ರ ಎಲ್ಲಿಗೆ ಬತ್ತದೆ?"

ನಾನು ಕೆಳಗಿನಿಂದ ತಗಡನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೋರಿಸಿದೆ. ಅದು ಅವಳ ಮಂಡಿಯ ಪಕ್ಕಕ್ಕೇ ಇತ್ತು.

"ಇಲ್ಲಿ ಅವರ ಮನೇರು ಯಾರಾದ್ರೂ ಕೂತ್ಕತಾರೆ. ಬಿಚ್ಬುಡಿ. ನಾಳೆ ಇನ್ನೊಂದ್ ಮಾಡಿ, ನಾನೂ ಬತ್ತೀನಿ."

ಬಿಚ್ಚಿದೆ. ಮಾರನೆಯ ದಿನ ಹೊಸ ಪಟ್ಟಿ ತಂದು ಇನ್ನಷ್ಟು ಅಗಲವಾಗಿ ಬಗ್ಗಿಸಿದೆ. ಕಾರ್ಖಾನೆ ಮುಗಿಸಿ ಅವಳು ಮತ್ತೆ ಬಂದು ಬೋಲ್ಟು ಹಿಡಿದಳು.

ಭಾಯ್ ಮುಂದಿನ ಪಂದ್ಯಕ್ಕೆ ಹೋದರು. ತಪಾಸಣೆಯಲ್ಲಿ ಪಾಸಾದರು, ಓಟದಲ್ಲಿ ಸೋತರು. ಆಮೇಲೆ ನೂಲಿನ ಕೆಲಸದಲ್ಲಿ ಮುಳುಗಿ ಮತ್ತೆ ಆ ಕಡೆ ಹೋಗಲಿಲ್ಲ. ನನಗೂ ಆ ಗಾಡಿ ಮರೆತೇಹೋಯಿತು.

ಒಂದು ಭಾನುವಾರ ಅವರ ಫೋನು ಬಂತು. ಅವರಿಗೆ ಗೂಡು ಕೊಡುವ ರೈತರೊಬ್ಬರ ಮನೆಯ ಊಟಕ್ಕೆಂದು ತಾಯಿಯನ್ನು ಕರೆದುಕೊಂಡು ವಿರೂಪಾಕ್ಷಿಪುರದ ಕಡೆ ಹೊರಟಿದ್ದರು. ದಾರಿಯಲ್ಲಿ ಗಾಡಿ ನಿಂತಿತ್ತು. "ಅಣ್ಣ, ಒಸಿ ಬನ್ನಿ" ಎಂದಷ್ಟೇ ಹೇಳಿದರು. ದನಿ ಸರಿಯಿರಲಿಲ್ಲ. ಹೆಂಡತಿ ತಾನೂ ಬರುತ್ತೇನೆಂದು ಬೈಕಿನ ಹಿಂದೆ ಕೂತಳು.

ಹಿಪ್ಪುನೇರಳೆ ತೋಟದ ಪಕ್ಕ ಕಾರು ನಿಂತಿತ್ತು. ಭಾಯ್ ಅದಕ್ಕೆ ಒರಗಿಕೊಂಡಿದ್ದರು. ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಕೆಳಗೆ ಏನೋ ಮುರಿಯಿತಂತೆ. ತಾಯಿ ಮೋರಿಯ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಎಲ್ಲಿ ಕೂತಿದ್ದಿರಿ ಎಂದು ನನ್ನ ಹೆಂಡತಿ ಅವರನ್ನು ಕೇಳಿದಳು.

"ಮುಂದ್ಗಡೆ ಸೀಟಲ್ಲೇ ಮಗಾ. ಯಾರೋ ಕೆಳಗಿಂದ ಸುತ್ತಿಗೇಲಿ ಬಡ್ದಂಗಾಯ್ತು, ಮಂಡಿ ಪಕ್ಕದಲ್ಲೇ."

ನಾನು ಮಣ್ಣಿನಲ್ಲೇ ಮಲಗಿ ನೋಡಿದೆ. ಮುಂದಿನ ಜಾಯಿಂಟು ತುಂಡಾಗಿತ್ತು. ಶಾಫ್ಟಿನ ತುದಿ ಬಳೆಯೊಳಗೆ ಬಿದ್ದುಕೊಂಡಿತ್ತು. ಬಳೆ ಸೊಟ್ಟಗಾಗಿ ಒಂದು ಬೋಲ್ಟು ಜಗ್ಗಿತ್ತು. ತಗಡು ಉಬ್ಬಿತ್ತೇ ಹೊರತು ಹರಿದಿರಲಿಲ್ಲ. ಹೆಮ್ಮೆ ಬರಬೇಕಿತ್ತೇನೋ, ಬರಲಿಲ್ಲ. ಮೈಯೆಲ್ಲ ಭಾರವಾಯಿತು, ಏಳಲು ಮನಸ್ಸಾಗಲಿಲ್ಲ. ಕೊನೆಗೆ ಭಾಯ್ ಕೈ ಹಿಡಿದು ಎಬ್ಬಿಸಿದರು. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಮುಂದೆ ಹೋಗಿದ್ದ ಅದೇ ಟ್ರ್ಯಾಕ್ಟರಿನವನನ್ನು ಕರೆಸಿ ಕಾರಿಗೆ ಹಗ್ಗ ಕಟ್ಟಿದೆವು. ತಾಯಿಯನ್ನು ಆಟೋದಲ್ಲಿ ಕಳಿಸಿದೆವು. ಬೈಕು ಹತ್ತುವಾಗ ಹೆಂಡತಿ ನನ್ನ ಬೆನ್ನ ಮೇಲಿನ ಮಣ್ಣು ಕೊಡವಿದಳು.

"ನಾಳೆ ಶೆಡ್ ತೆಗೀಬೇಡಿ," ಎಂದಳು. "ನಾನೂ ಕೆಲ್ಸುಕ್ ಹೋಗಕ್ಕಿಲ್ಲ."

ಸೋಮವಾರ ನಾವು ಹೋಗಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಇಬ್ಬರೂ ಎದ್ದಿರಲಿಲ್ಲ.