ತಕ್ಕಡಿಯಪ್ಪನ ಸೂಪರ್‌ಚಾರ್ಜರ್

ಅಂಗಡಿಯವರೆಲ್ಲ ಅವನನ್ನು ತಕ್ಕಡಿಯಪ್ಪ ಎಂದೇ ಕರೆಯುತ್ತಿದ್ದರು. ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಐವತ್ತೆರಡು ವರ್ಷ, ಮದುವೆಯ ಗೊಡವೆಗೆ ಹೋಗದೆ ಅಕ್ಕನ ಜೊತೆಗಿದ್ದ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪರದೆ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಇಬ್ಬರಿಗೂ ಸೇರಿ ಒಂದೇ ಕಾರು, ಹದಿನೇಳು ವರ್ಷ ಹಳೆಯದು. ಅದರ ಡಿಕ್ಕಿಯಲ್ಲಿ ಇಪ್ಪತ್ತು ಕಿಲೋದ ಎಂಟು ಕಬ್ಬಿಣದ ತೂಕಗಳು ಸದಾ ಇರುತ್ತಿದ್ದವು; ತಕ್ಕಡಿ ಸರಿಯಿದೆಯೇ ಎಂದು ನೋಡಲು ಅವು ಬೇಕೇ ಬೇಕು. ಹಿಂದಿನ ಸೀಟಿನ ತುಂಬ ಅಕ್ಕನ ಬಟ್ಟೆಯ ಗಂಟು.

ಮಾರುಕಟ್ಟೆಗೆ ಹೋಗಲು ನೀರಿನ ಟ್ಯಾಂಕಿನ ಪಕ್ಕದ ಏರು ಹತ್ತಬೇಕು. ಅಲ್ಲಿ ಕಾರು ಏದುಸಿರು ಬಿಡುತ್ತಿತ್ತು. ಒಂದು ದಿನ ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದ ಅಂಚೆಯವನು ಕಾರಿನ ಪಕ್ಕಪಕ್ಕದಲ್ಲೇ ಬಂದು, ಕಿಟಕಿಯೊಳಗೆ ಬಗ್ಗಿ, ಸ್ವಲ್ಪ ತಳ್ಳಲಾ ಎಂದು ಕೇಳಿದ. ಅವನು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ತಕ್ಕಡಿಯಪ್ಪನಿಗೆ ಮಾತ್ರ ಮೈಯೆಲ್ಲ ಉರಿಯಿತು.

ಆ ವಾರವೇ ಗುಜರಿಯಿಂದ ಒಂದು ಹಳೆಯ ಸೂಪರ್‌ಚಾರ್ಜರ್ ಹೊತ್ತು ತಂದ. ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುವ ಊದುಗ ಅದು. ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು, ಬಲ ಬರುತ್ತದೆ. ಹಿತ್ತಲಿನ ಪುಟ್ಟ ಲೇತಿನಲ್ಲಿ ರಾಟೆ ಕಡೆದ. ದಪ್ಪ ಉಕ್ಕಿನ ತಗಡು ಕೊಯ್ದು ಊದುಗವನ್ನು ಕೂರಿಸುವ ಬ್ರ್ಯಾಕೆಟ್ ಮಾಡಿದ. ಪೆಟ್ರೋಲಿನ ಪೂರೈಕೆ ಹೆಚ್ಚಿಸಿದ. ಮೂರು ತಿಂಗಳು ಇದೇ ಧ್ಯಾನ. ಅಕ್ಕ ಒಂದೇ ಷರತ್ತು ಹಾಕಿದ್ದಳು: ಭಾನುವಾರ ಏನು ಬೇಕಾದರೂ ಮಾಡಿಕೊಳ್ಳಲಿ, ಸೋಮವಾರ ಏಳಕ್ಕೆ ಕಾರು ಬಾಗಿಲಲ್ಲಿರಬೇಕು.

ಮೊದಲನೆಯ ಭಾನುವಾರ ಏರಿನ ಅರ್ಧದಲ್ಲಿ ಬೆಲ್ಟು ಹಾರಿಹೋಯಿತು. ರಸ್ತೆಯ ಪಕ್ಕದಲ್ಲೇ ಊದುಗದ ಕೊಳವೆ ಬಿಚ್ಚಿ, ಹಳೆಯ ಏರ್ ಫಿಲ್ಟರ್ ಸಿಕ್ಕಿಸಿ ಮನೆಗೆ ಬಂದ. ಎರಡನೆಯ ವಾರ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದ; ಅದೇ ಜಾಗದಲ್ಲಿ ಹಾರಿತು. ಮೂರನೆಯ ವಾರ ಆಳವಾದ ತೋಡುಗಳಿರುವ ಹೊಸ ರಾಟೆ ಕಡೆದ. ಹಾರಿತು. ನಾಲ್ಕನೆಯ ವಾರ ರಾಟೆಗಳಿಗೆ ದಾರ ಎಳೆದು, ಕೂದಲೆಳೆಯಷ್ಟೂ ಓರೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟ. ಅಂದು ಬೆಲ್ಟಿನ ಜೊತೆ ತಾಳ್ಮೆಯೂ ಹಾರಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಚರಂಡಿಗೆ ಎಸೆದ. ಹದಿಮೂರನೇ ನಂಬರಿನದು ಅದೊಂದೇ ಇದ್ದದ್ದರಿಂದ, ಮತ್ತೆ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿ ತಾನೇ ಹುಡುಕಿ ತೆಗೆಯಬೇಕಾಯಿತು.

ಸಿಟ್ಟು ಕೆಲಸಕ್ಕೂ ಹತ್ತಿತು. ಅವನು ಸರಿಮಾಡಿದ ತಕ್ಕಡಿ ತಪ್ಪು ತೋರಿಸುತ್ತಿದೆಯೆಂದು ತರಕಾರಿ ಅಂಗಡಿಯಾಕೆ ವಾಪಸು ಕರೆಸಿದಳು. ಇಪ್ಪತ್ತೆಂಟು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಅವಳು ಬೈಯಲಿಲ್ಲ, ಮೈ ಹುಷಾರಿಲ್ಲವೇ ಎಂದು ವಿಚಾರಿಸಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ.

ಐದನೆಯ ಭಾನುವಾರ ಅಕ್ಕನನ್ನು ಹೊಲಿಗೆಯಿಂದ ಎಬ್ಬಿಸಿ ಕರೆತಂದು, ಬಾನೆಟ್ಟಿನ ಪಕ್ಕಕ್ಕೆ ನಿಲ್ಲಿಸಿದ. ಬೆಲ್ಟು ಯಾವ ಕಡೆಗೆ ಸರಿಯುತ್ತದೆ ನೋಡು ಎಂದು ಹೇಳಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಒತ್ತಿದ. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡಿದಳು. ಇನ್ನೊಂದು ಸಲ ಒತ್ತಲು ಸನ್ನೆ ಮಾಡಿದಳು.

"ಎಂಜಿನ್ನು ವಾಲತ್ತೆ ಕಣೋ. ನಿನ್ನ ಊದುಗ ವಾಲಲ್ಲ."

"ಏನಂದೆ?"

"ನನ್ನ ಹೊಲಿಗೆ ಮಷೀನಿಗೆ ಮೋಟರ್ ಎಲ್ಲಿ ಕೂರ್ಸಿದೀಯ? ಮಷೀನಿನ ಮೈಗೇ ತಾನೆ? ಇದನ್ಯಾಕೆ ಎಂಜಿನ್ ಬಿಟ್ಟು ಪಕ್ಕದ ತಗಡಿಗೆ ಬಿಗಿದಿದೀಯ?"

ಕಾರಿನ ಮೈಯ ತಗಡಿನಲ್ಲಿ ಮೊದಲೇ ತೂತುಗಳಿದ್ದವು, ಅದಕ್ಕೆ ಬ್ರ್ಯಾಕೆಟ್ಟನ್ನು ಅಲ್ಲಿ ಬಿಗಿದಿದ್ದ. ಎಂಜಿನ್ನು ಕೂತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ಭಾರ ಬಿದ್ದರೆ ಒಂದು ಬೆರಳಿನಷ್ಟು ವಾಲುತ್ತದೆ, ಅದರ ರಾಟೆಯೂ ವಾಲುತ್ತದೆ. ಅವನು ವಾರವಾರವೂ ಅಳೆದದ್ದು ಸುಮ್ಮನೆ ನಿಂತ ಎಂಜಿನ್ನನ್ನು. ಕಾರಣ ಸಿಕ್ಕಿದ ಖುಷಿ ಅವನಿಗೆ ಚೂರೂ ಆಗಲಿಲ್ಲ. ತನ್ನ ಮೇಲೆ ಕೋಪ ಬಂತು, ಅಕ್ಕನ ಮೇಲೂ ಸ್ವಲ್ಪ ಬಂತು. ಸ್ಪ್ಯಾನರ್ ತೆಗೆದುಕೊಂಡು ಬ್ರ್ಯಾಕೆಟ್ ಬಿಚ್ಚತೊಡಗಿದ. ಅವಳು ಹೊಲಿಗೆಗೆ ಮರಳಿದಳು.

ಎಂಜಿನ್ನಿಗೇ ಬಿಗಿಯುವ ಹೊಸ ಬ್ರ್ಯಾಕೆಟ್ ಮಾಡಲು ಎರಡು ವಾರ ಹಿಡಿಯಿತು. ಮುಂದಿನ ಭಾನುವಾರ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೂಕಗಳ ಸಮೇತ ಏರಿಗೆ ಬಿಟ್ಟ. ಊದುಗ ಸಿಳ್ಳೆ ಹಾಕಿತು. ಕಾರು ಮೂರನೇ ಗೇರಿನಲ್ಲೇ ಮೇಲಕ್ಕೆ ನುಗ್ಗಿತು. ಬೆಲ್ಟು ಹಾರುತ್ತಿದ್ದ ಜಾಗ ದಾಟಿತು. ಅವನ ಮುಖ ಅರಳುವಷ್ಟರಲ್ಲಿ ಎಂಜಿನ್ನಿನ ಸದ್ದು ಗಗನಕ್ಕೇರಿ, ಕಾರು ಮಾತ್ರ ನಿಧಾನವಾಗಿ ನಿಂತೇಬಿಟ್ಟಿತು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅವನು ಸ್ಟೀರಿಂಗಿಗೆ ಹಣೆಯಿಟ್ಟು ಕೂತ.

"ಬೆಲ್ಟ್ ಹೋಯ್ತಾ?" ಅಕ್ಕ ಕೇಳಿದಳು.

"ಇಲ್ಲ. ಕ್ಲಚ್ ಹೋಯ್ತು. ಹಳೇದು, ಇಷ್ಟು ಬಲ ತಡೀಲಿಲ್ಲ."

"ಕ್ಲಚ್ ನೀನು ಮಾಡಿದ್ದಾ?"

"ಅಲ್ಲ."

"ಸದ್ಯ. ಹಾಗಾದ್ರೆ ಬೇಗ ರಿಪೇರಿಯಾಗತ್ತೆ."

ಅವಳು ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು.

ಆ ಸೋಮವಾರ ಅಕ್ಕ ಪರದೆಗಳನ್ನು ಬಸ್ಸಿನಲ್ಲಿ ಒಯ್ದಳು. ಅವನು ಒಂದೇ ಒಂದು ತೂಕವನ್ನು ಚೀಲದಲ್ಲಿ ಹೊತ್ತು, ಭುಜ ಬದಲಿಸುತ್ತ ಅಂಗಡಿಯಿಂದ ಅಂಗಡಿಗೆ ಅಲೆದ. ವಾರದ ಕೊನೆಗೆ ಗ್ಯಾರೇಜಿನಲ್ಲಿ ಹೊಸ ಕ್ಲಚ್ ಕೂತಿತು. ಅದೂ ಸುಟ್ಟುಹೋದೀತೆಂಬ ಅಂಜಿಕೆಯಿಂದ ಊದುಗಕ್ಕೆ ದೊಡ್ಡ ರಾಟೆ ಹಾಕಿ ಅದರ ವೇಗ ತಗ್ಗಿಸಿದ, ಬಲವೂ ತಗ್ಗಿತು. ಈಗ ಕಾರು ಎರಡನೇ ಗೇರಿನಲ್ಲಿ ಏರು ಹತ್ತುತ್ತದೆ, ನಿಲ್ಲುವುದಿಲ್ಲ. ಅಂಗಡಿಯವರು ಭೇಷ್ ಎನ್ನುತ್ತಾರೆ. ಅವನು ಬಾನೆಟ್ ಎತ್ತಿ, ಸರಿಯಾಗದೆ ಉಳಿದದ್ದನ್ನೇ ಮೊದಲು ತೋರಿಸುತ್ತಾನೆ: ಮಧ್ಯಾಹ್ನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಎಂಜಿನ್ನು ವಿಪರೀತ ಕಾಯುತ್ತದೆ, ದೊಡ್ಡ ರೇಡಿಯೇಟರ್ ಹಾಕಬೇಕು, ಎರಡೇ ಭಾನುವಾರದ ಕೆಲಸ ಅದು. ಇದನ್ನು ಕೇಳಿಸಿಕೊಂಡ ಅಕ್ಕ ಬಸ್ಸುಗಳ ವೇಳೆಯನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಹೊಲಿಗೆ ಮಷೀನಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ.